ಚುನಾವಣೆಯ ವರ್ಷದ ಪಂಚಮಿ

ಆ ವರ್ಷಗಳಲ್ಲಿ ಚುನಾವಣೆಗಳು ನೆಂಟರ ಹಾಗೆ ಹೇಳದೆ ಕೇಳದೆ ಬರುತ್ತಿದ್ದವು. ಬಂದಾಗಲೆಲ್ಲ ದೇಶವನ್ನು ಉಳಿಸುವ ಹೊಣೆ ದಾವಣಗೆರೆಯಲ್ಲಿ ನನ್ನ ಮೇಲೂ ಹರಿಹರದಲ್ಲಿ ನನ್ನ ಹೆಂಡತಿಯ ತಮ್ಮನ ಮೇಲೂ ಬೀಳುತ್ತಿತ್ತು. ನಮ್ಮಿಬ್ಬರ ಪಕ್ಷ ಬೇರೆ ಬೇರೆ.

ತೊಂಬತ್ತೊಂಬತ್ತರ ಆಷಾಢದಲ್ಲಿ ಅವನು ನಮ್ಮ ಮನೆಗೆ ಊಟಕ್ಕೆ ಬಂದಿದ್ದ. ನಾನು ರೊಟ್ಟಿ ಹಿಡಿದ ಕೈಯನ್ನೇ ಎತ್ತಿ, "ನಿಮ್ಮ ಓಣಿ ಬೋರಿಂಗಿನ ಹ್ಯಾಂಡಲ್ ಮುರಿದು ಆರು ತಿಂಗಳಾತು. ಅದನ್ನ ಹಾಕ್ಸಾಕೆ ಆಗದೋರು ದೇಶ ಆಳ್ತಾರಂತೆ!" ಎಂದು ಘೋಷಿಸಿದೆ.

"ನಿಮ್ಮ ಮನಿ ನೀರೂ ಬ್ಯಾಡ ಮಾವ," ಎಂದವನೇ ಅರ್ಧ ಊಟಕ್ಕೆ ಎದ್ದು ಹೋದ.

ದೇಶಕ್ಕೆ ಇದರಿಂದ ಏನೂ ಆಗಲಿಲ್ಲ. ಆದರೆ ನಾಗರಪಂಚಮಿ ಹತ್ತಿರ ಬಂತು. ಪಂಚಮಿಗೆ ತವರಿನವರು ಬಂದು ಕರೆಯದೆ ಹೆಣ್ಣುಮಗಳು ತಾನಾಗಿಯೇ ಹೋಗುವ ಪದ್ಧತಿ ನಮ್ಮಲ್ಲಿಲ್ಲ. ಬಸ್ಸಿಗೆ ಅರ್ಧ ಗಂಟೆಯ ದಾರಿ, ಆದರೂ ಇಲ್ಲ. ತಂದೆ ತಾಯಿ ಇಲ್ಲದ ನನ್ನವಳನ್ನು ಕರೆಯಲು ಇದ್ದವನು ಅವನೊಬ್ಬನೇ. ಅವಳು ಅಳಲಿಲ್ಲ. "ಗೆದ್ರಲ್ಲ, ಸಾಕಲ್ರಿ?" ಎಂದಳು, ಅಷ್ಟೇ.

ಕ್ಷಮೆ ಕೇಳುವುದು ನನ್ನ ಘನತೆಗೆ ಒಗ್ಗದು. ಆದ್ದರಿಂದ ಆ ಬೋರಿಂಗಿನ ಬಗ್ಗೆ ಒಂದು ಅರ್ಜಿ ಬರೆದೆ. ಸಿಟ್ಟನ್ನೆಲ್ಲ ಸುರಿದಿದ್ದರಿಂದ ಮೂರು ಪುಟವಾಯಿತು. ಹರಿಹರಕ್ಕೆ ಹೋಗಿ ಅವನ ಮುಂದಿಟ್ಟೆ. ಅವನು ಪೂರ್ತಿ ಓದಿದ.

"ಇದರಾಗ ಬೋರಿಂಗ್ ಎಲ್ಲೈತೆ ಮಾವ? ಬರೇ ಭಾಷಣ ಐತೆ."

ಮಾತು ನಿಜವಾಗಿತ್ತು. ಅವನ ಪಕ್ಷವನ್ನು ಬೈದ ಸಾಲುಗಳನ್ನು ನಾನೇ ಹೊಡೆದುಹಾಕಿದೆ. ನನ್ನ ಪಕ್ಷವನ್ನು ಹೊಗಳಿದ್ದನ್ನು ಅವನು, ಸ್ವಲ್ಪ ಹೆಚ್ಚೇ ಉತ್ಸಾಹದಿಂದ, ಹೊಡೆದುಹಾಕಿದ. ನಾಲ್ಕು ಸಾಲು ಉಳಿಯಿತು. ಓಣಿಯವರ ಸಹಿ ಹಾಕಿಸಿಕೊಂಡು ಇಬ್ಬರೂ ನಗರಸಭೆಯ ಕಚೇರಿಗೆ ಹೋದೆವು.

"ನೀವು ಯಾವ ಪಾರ್ಟಿಯೋರ್ರಿ?" ಎಂದರು ಗುಮಾಸ್ತರು, ಅರ್ಜಿಗಿಂತ ಮೊದಲು ನಮ್ಮ ಮುಖ ಓದುತ್ತ.

"ಪಾರ್ಟಿ ಬ್ಯಾರೆ ಬ್ಯಾರೆ ಸಾಹೇಬ್ರ. ಕೊಡ ಮಾತ್ರ ಇಬ್ರದೂ ಖಾಲಿ," ಎಂದ ಇವನು. ದಾವಣಗೆರೆಯಲ್ಲಿ ನನ್ನ ಕೊಡ ತುಂಬಿಯೇ ಇತ್ತು. ಆದರೂ ಗಂಭೀರವಾಗಿ ತಲೆ ಆಡಿಸಿದೆ. ಮುಂದಿನ ವಾರ ಬನ್ನಿ ಎಂದರು. ಹೋದೆವು. ಮತ್ತೆ ಮುಂದಿನ ವಾರ ಎಂದರು.

ಸಿಟ್ಟು ಆರಿತೆಂದು ಹೇಳಲಾರೆ. ಇಂದಿಗೂ ಬೆಳಗಿನ ಪತ್ರಿಕೆಯೊಡನೆ ಜೋರಾಗಿ ಜಗಳವಾಡುತ್ತೇನೆ. ಆದರೆ ಸಿಟ್ಟಿಗೂ ಒಂದು ವಿಳಾಸ ಬೇಕು, ಅದು ಊಟಕ್ಕೆ ಕೂತವನ ಎಲೆ ಆಗಬಾರದು ಎಂದು ಕಲಿಯಲು ನನಗೆ ಅಷ್ಟು ಅಲೆದಾಟ ಬೇಕಾಯಿತು.

ಪಂಚಮಿಯ ಹಿಂದಿನ ದಿನ ಅವನು ಬಂದ. "ಅಕ್ಕಾ, ನಡಿ," ಎಂದು ಒಳಗೆ ಕೂಗಿ, ನನ್ನ ಕಡೆ ತಿರುಗಿದ. "ನೀವೂ ಬರ್ರಿ ಮಾವ. ಹ್ಯಾಂಡಲ್ ಇನ್ನೂ ಬಂದಿಲ್ಲ. ಹಬ್ಬ ಮುಗಿಸಿ ಮತ್ತ ಕೇಳಾಕ ಹೋಗಬೇಕು."

ಅದು ಯಾಕೆ ಬಂದಿಲ್ಲವೆಂದು ನನಗೆ ಚೆನ್ನಾಗಿ ಗೊತ್ತಿತ್ತು. ಯಾವ ಪಕ್ಷದವರ ತಪ್ಪೆಂದೂ ಗೊತ್ತಿತ್ತು. ನನ್ನವಳು ಆಗಲೇ ಹೊಸ ಸೀರೆ ಉಟ್ಟು ಚಪ್ಪಲಿ ಮೆಟ್ಟುತ್ತಿದ್ದಳು. ನಾನು ಅವಳ ಚೀಲ ಎತ್ತಿಕೊಂಡೆ.