ಮೂರು ಗಂಟೆಯ ಬಸ್ಸು

ಬೆಳಕು ಹರಿಯುವ ಮೊದಲೇ ಮೆಂಗಾ ಹಸುಗಳ ಹಾಲು ಕರೆದು, ಕ್ಯಾನುಗಳನ್ನು ತೊಳೆದು, ಒಲೆ ಹೊತ್ತಿಸಿ, ಗಂಡನಿಗೆ ಬಾರ್ಲಿ ಸೂಪು ಮಾಡಿಟ್ಟು ಬಂದಿದ್ದಳು. ಹುಲ್ಲಿನ ಕೊಯ್ಲು ಮುಗಿದು, ಹಸುಗಳು ಆಲ್ಪ್ಸ್‌ನ ಮೇಲಿನ ಹುಲ್ಲುಗಾವಲಿನಿಂದ ಇಳಿದ ಮೇಲೆ ಗೆಳತಿಯರು ಬೆಟ್ಟದ ಪೇಟೆಗೆ ಒಂದು ದಿನ ಹೋಗಿಬರುವುದು ರೂಢಿ. ಉಳಿದವರು ಸಂಜೆಯ ಬಸ್ಸಿಗೆ ಮರಳಿದರೆ, ಮೆಂಗಾ ಪ್ರತಿವರ್ಷವೂ ಹಾಲು ಕರೆಯಲೆಂದು ಮೂರರ ಬಸ್ಸಿಗೇ ಓಡುತ್ತಿದ್ದಳು.

“ಇವತ್ತಾದ್ರೂ ಕೇಬಲ್ ಕಾರಲ್ಲಿ ಮೇಲಕ್ಕೆ ಬಾರೇ. ನಿನ್ನ ಗಂಡಂಗೆ ಹಾಲು ಕರೆಯೋಕೆ ಬರಲ್ವಾ?” ಎಂದಳು ಸೆರೈನಾ, ಅಕ್ರೋಟಿನ ಕೇಕು ಮುರಿಯುತ್ತ.

“ಬರತ್ತೆ ಕಣೇ. ಆದ್ರೆ ಅವರು, ‘ಹಸುಗಳು ನಿನ್ನ ಕೈಗೇ ಒಗ್ಗಿಹೋಗಿವೆ’ ಅಂತಾರೆ.”

“ಒಗ್ಗಿಹೋಗಿರೋದು ಹಸುಗಳಲ್ಲ, ಆ ಮಹಾರಾಯ!”

ಮೆಂಗಾ ನಗುತ್ತಲೇ ಎದ್ದಳು. ಅವಳನ್ನು ತಬ್ಬಿ ಬೀಳ್ಕೊಟ್ಟು ಗೆಳತಿಯರು ಕೇಬಲ್ ಕಾರಿನತ್ತ ನಡೆದರು.

ಬಸ್ಸು ಬಂತು. ಚಾಲಕ ಬಾಗಿಲು ತೆರೆದು ಕಾದ. ಮೆಂಗಾ ಮೆಟ್ಟಿಲ ಮೇಲಿಟ್ಟ ಕಾಲನ್ನು ಕೆಳಗಿಳಿಸಿದಳು.

“ನೀವು ಹೊರಡಿ,” ಎಂದಳು.