ಕಿವಿಗೆ ದಿಂಬು ಹೊಲಿಯುವ ದಿಂಬಕ್ಕ

ಮದುವೆಯಾಗಿ ಬಂದ ವಾರದೊಳಗೇ ಅತ್ತೆ ಹೊಸ ಸೊಸೆಯನ್ನು ಅಡುಗೆಮನೆಗೆ ಕರೆದು, ಬಾಗಿಲು ಹಾಕಿ, ಕಿವಿಯ ಹತ್ತಿರ ಬಾಯಿ ತಂದು ಒಂದು ಮಾತು ಕೇಳಿದರು. "ನಾನಿರಲಿ ಬಿಡಲಿ, ಈ ಅಪ್ಪ-ಮಗ ಒಂದೇ ಸೂರಿನಡಿ ಇರಬೇಕು. ಬೇರೆಯಾಗೋಕೆ ಬಿಡಬೇಡ. ಮಾತು ಕೊಡು." ಇಷ್ಟು ಗುಟ್ಟಾಗಿ ಕೇಳುತ್ತಿದ್ದಾರೆಂದರೆ ವಿಷಯ ದೊಡ್ಡದೇ ಇರಬೇಕು ಎಂದುಕೊಂಡ ಸೊಸೆ ಹಿಂದುಮುಂದು ನೋಡದೆ ಮಾತು ಕೊಟ್ಟಳು. ಬಾಗಿಲು ಹಾಕಿದ್ದು ಗುಟ್ಟಿಗಲ್ಲ, ಹಾಕದಿದ್ದರೆ ಒಬ್ಬರ ಮಾತು ಒಬ್ಬರಿಗೆ ಕೇಳುತ್ತಿರಲಿಲ್ಲ ಎಂಬುದು ಆಮೇಲೆ ತಿಳಿಯಿತು. ಕೆಳಗೆ ಗಂಡನ ಮೋಟಾರ್ ರಿಪೇರಿ ಅಂಗಡಿ. ಮೇಲೆ ಮಾವನ ಹವ್ಯಾಸಿ ರೇಡಿಯೋ. ನಡುವೆ ಅಡುಗೆಮನೆ. ಕೆಳಗಿನದು ಗುರ್ ಅಂದರೆ ಮೇಲಿನದು ಚರಚರ ಅನ್ನುತ್ತಿತ್ತು, ಮೇಲಿನವರು ಬೈದರೆ ಕೆಳಗಿನವನು ಇನ್ನೊಂದು ಮೋಟಾರ್ ಹಾಕುತ್ತಿದ್ದ.

ಅತ್ತೆ ಈಗಿಲ್ಲ. ಮಾತು ಇದೆ. ಅದು ಉಳಿಯುತ್ತದೋ ಹೋಗುತ್ತದೋ ಎಂಬುದು ಈ ಭಾನುವಾರ ಬೆಳಗ್ಗೆ ತೀರ್ಮಾನವಾಗಬೇಕಿದೆ.

ಇನ್ನೂ ಬೆಳಕು ಸರಿಯಾಗಿ ಹರಿದಿಲ್ಲ. ಕಿಟಕಿಯ ಪಕ್ಕದ ಮರದ ಮಂಚದ ಮೇಲೆ ಆ ಸೊಸೆ ಕಾಲು ಮಡಚಿ ಕೂತು, ಬಾಯಲ್ಲಿ ದಾರ ಕಚ್ಚಿಕೊಂಡು, ಬಳೆಯಾಕಾರದ ಪುಟ್ಟ ದಿಂಬೊಂದಕ್ಕೆ ಕೊನೆಯ ಹೊಲಿಗೆ ಹಾಕುತ್ತಿದ್ದಾಳೆ. ಹೆಡ್‌ಫೋನಿನ ಕಿವಿಗೆ ಕೂರುವ ದಿಂಬು ಅದು. ಸುತ್ತ ಹತ್ತಿ, ಉಣ್ಣೆಯ ತುಂಡು, ತಾಮ್ರದ ತಂತಿ, ಬೆಸುಗೆಯ ಕಡ್ಡಿ, ಮೇಲೊಂದು ಗುಂಡಿ ತಿರುಗಿಸುವ ತಗಡಿನ ಡಬ್ಬಿ. ಹೊಟ್ಟೆಪಾಡಿಗೆ ಹೊಲಿಯುವುದು ಹಾಸಿಗೆ, ದಿಂಬು. ಆದರೆ ಮನೆಯ ಮೂಲೆಯಲ್ಲಿ ಯಂತ್ರವಿಟ್ಟುಕೊಂಡು, ಗಾಳಿಯಲ್ಲಿ ಬರುವ ದನಿಗಳನ್ನು ಹಿಡಿದು, ಕಂಡರಿಯದವರೊಡನೆ ಹರಟುವ ಹ್ಯಾಮ್ ಮಂದಿಗೆ ಅವಳು ದಿಂಬಕ್ಕ. ಹಾಸಿಗೆ ಹೊಲಿಯುವವಳ ನಿಜವಾದ ಹೆಸರು ಅವರಲ್ಲಿ ಯಾರೂ ಕೇಳಿಲ್ಲ. ಕೇಳಿದ್ದರೂ ಗದ್ದಲದಲ್ಲಿ ಕೇಳಿಸಿರಲಿಕ್ಕಿಲ್ಲ.

ಶುರುವಾದದ್ದು ತೇಪೆಯಿಂದ. ಮಾವನ ಹೆಡ್‌ಫೋನಿನ ಸ್ಪಂಜು ಪುಡಿಪುಡಿಯಾಗಿ ಕಿವಿಯೊಳಗೆ ಉದುರುತ್ತಿತ್ತು. ದಿಂಬಿಗೆ ತುಂಬಿ ಉಳಿದ ಹತ್ತಿಯನ್ನು ಅದಕ್ಕೆ ತುರುಕಿ, ಮೆತ್ತನೆಯ ಬಟ್ಟೆ ಸುತ್ತಿ ಕೊಟ್ಟಳು. ಹಾಕಿಕೊಂಡ ಮಾವ ಕತ್ತು ಆಚೀಚೆ ತಿರುಗಿಸಿ ನೋಡಿದರು. ಆಮೇಲೆ, "ಅಮ್ಮಾ, ನಿನ್ನ ಗಂಡ ಇವತ್ತು ಅಂಗಡಿಗೆ ರಜೆನಾ?" ಎಂದರು. ಕೆಳಗೆ ಮೋಟಾರು ಓಡುತ್ತಲೇ ಇತ್ತು.

ಹೊರಗಿನ ಸದ್ದು ಹೋಯಿತು, ಆದರೆ ಮೋಟಾರಿನ ಕಿಡಿಯಿಂದ ರೇಡಿಯೋದ ಒಳಗೇ ಸೇರಿಕೊಳ್ಳುವ ಸದ್ದು ಉಳಿಯಿತು. ಅದಕ್ಕೆ ಹತ್ತಿ ಸಾಲದು. ಮಾವನೇ ಬೆಸುಗೆ ಹಾಕುವುದನ್ನು ಕಲಿಸಿದರು, ಪ್ರತಿ ಬೆಸುಗೆಗೂ ಒಂದು ಬೈಗುಳ ಸೇರಿಸಿ. ರೇಡಿಯೋಗೂ ಹೆಡ್‌ಫೋನಿಗೂ ನಡುವೆ ಕೂತು ಸದ್ದು ಸೋಸುವ ಡಬ್ಬಿಯನ್ನು ಅವಳು ತನ್ನದೇ ರೀತಿಯಲ್ಲಿ ಅರ್ಥ ಮಾಡಿಕೊಂಡಿದ್ದಾಳೆ. "ಮನುಷ್ಯರ ಮಾತು ಬಟ್ಟೆಯ ನಡುಭಾಗ ಇದ್ದ ಹಾಗೆ. ಮೇಲಂಚಲ್ಲಿ ಸುಂಯ್ ಇರುತ್ತೆ, ಕೆಳಂಚಲ್ಲಿ ಗುಂಯ್ ಇರುತ್ತೆ. ಎರಡೂ ಅಂಚು ಕತ್ತರಿಸಿ ಬಿಸಾಕಿದ್ರೆ ಉಳಿಯೋದು ಮಾತು. ಜಾಸ್ತಿ ಕತ್ತರಿಸಿದ್ರೆ ಮಾತಾಡೋರು ಮೂಗು ಹಿಡ್ಕೊಂಡ ಹಾಗೆ ಕೇಳುತ್ತೆ. ಅದಕ್ಕೇ ಗುಂಡಿ ಇಟ್ಟಿರೋದು, ಅವರವರ ಅಳತೆಗೆ ತಿರುಗಿಸ್ಕೊಳ್ಳಲಿ."

ಈಗ ಬೇರೆ ಊರುಗಳಿಂದಲೂ ಕರೆ ಬರುತ್ತದೆ. ಕರೆ ಮಾಡಿದವರು ತಮ್ಮ ರೇಡಿಯೋದ ಸದ್ದನ್ನು ಬಾಯಲ್ಲಿ ಮಾಡಿ ತೋರಿಸಬೇಕು, ಅದು ನಿಯಮ. ಚರಚರ ಅಂದರೆ ಮೋಟಾರಿನ ಕಿಡಿ. ಜುಂಯ್ ಅಂದರೆ ಅಗ್ಗದ ಬಲ್ಬು ಇಲ್ಲವೇ ಮೊಬೈಲಿನ ಚಾರ್ಜರ್. ಟಕ್ ಟಕ್ ಅಂದರೆ ಎಲ್ಲೋ ತಂತಿ ಸಡಿಲ. ಮೊನ್ನೆ ಅಂಚೆ ಕಚೇರಿಯ ಗುಮಾಸ್ತರೊಬ್ಬರು ಕೌಂಟರಿನಿಂದಲೇ ಪಿಸುಗುಟ್ಟಿದರು.

"ಸುಂಯ್ ಅಂತಿದೆ ದಿಂಬಕ್ಕ."

"ಸುಂಯ್ಯೋ ಜುಂಯ್ಯೋ ಸರಿಯಾಗಿ ಹೇಳಿ ಸಾರ್. ಎರಡಕ್ಕೂ ಮದ್ದು ಬೇರೆ."

"ಮುಂದೆ ಜನ ನಿಂತಿದ್ದಾರಮ್ಮ."

"ನಿಂತ್ಕೊಳ್ಲಿ ಬಿಡಿ, ಟಿಕೆಟ್ ಇಟ್ಟಿದ್ದೀವಾ? ಬಾಯಿ ಬಿಟ್ಟು ಅನ್ನಿ."

ಗುಮಾಸ್ತರು ಕಣ್ಣುಮುಚ್ಚಿ "ಜುಂಯ್ಯ್ಯ್!" ಅಂದರು. ಸಾಲಿನಲ್ಲಿದ್ದವರು ಒಂದು ಹೆಜ್ಜೆ ಹಿಂದೆ ಸರಿದರಂತೆ. ಕಚೇರಿಯಿಂದ ಮನೆಗೆ ಹೋಗಿ ಹೊಸದಾಗಿ ಹಾಕಿದ್ದ ಅಗ್ಗದ ಬಲ್ಬು ತೆಗೆದರು, ರೇಡಿಯೋ ಬಾಯಿ ಮುಚ್ಚಿಕೊಂಡಿತು.

ಎಡವಿದ್ದೂ ಉಂಟು. ಒಬ್ಬ ಹ್ಯಾಮ್ "ಗೊರಗೊರ" ಅಂದ. ದಿಂಬಕ್ಕ "ಕೊರಕೊರ" ಎಂದು ಕೇಳಿಸಿಕೊಂಡು ಮೇಲಂಚು ಕತ್ತರಿಸುವ ಡಬ್ಬಿ ಕಳಿಸಿದಳು. ಹೋಗಲಿಲ್ಲ. ತನ್ನ ತಪ್ಪು ಗೊತ್ತಾಗಿ ಕೆಳಂಚಿನದು ಕಳಿಸಿದಳು. ಆಗಲೂ ಹೋಗಲಿಲ್ಲ. ಮಾನ ಹೋಗುತ್ತಲ್ಲಾ ಎಂದು ತಾನೇ ಬಸ್ಸು ಹತ್ತಿ ಹೋಗಿ ನೋಡಿದರೆ, ರೇಡಿಯೋ ಇಟ್ಟ ಕೋಣೆಯಲ್ಲೇ ಅವನ ಹೆಂಡತಿಯ ತಾಯಿ ಅಂಗಾತ ಮಲಗಿದ್ದಾರೆ. ಗೊರಗೊರ ಅವರದು. "ಇದಕ್ಕೆ ನನ್ನತ್ರ ಗುಂಡಿ ಇಲ್ಲಪ್ಪ" ಎಂದು ಹೇಳಿ, ಆ ಅಜ್ಜಿಗೆ ಒಂದು ಎತ್ತರದ ದಿಂಬು ಹೊಲಿದುಕೊಟ್ಟು ಬಂದಳು. ಅಂದಿನಿಂದ ಯಾರು ಕರೆ ಮಾಡಿದರೂ ಅವಳ ಮೊದಲ ಪ್ರಶ್ನೆ: "ಹೆಡ್‌ಫೋನ್ ತೆಗೆದ ಮೇಲೂ ಕೇಳುತ್ತಾ?"

ಊರವರ ಸದ್ದಿಗೆಲ್ಲ ಮದ್ದು ಕೊಡುವವಳಿಗೆ ಮನೆಯದೇ ಬಗೆಹರಿದಿಲ್ಲ. ಗಂಡ-ಹೆಂಡಿರ ಜಗಳ ಉಂಡು ಮಲಗುವ ತನಕ ಅನ್ನುತ್ತಾರೆ. ಈ ಅಪ್ಪ-ಮಗನ ಜಗಳ ಮಲಗಿ ಎದ್ದ ಮೇಲೇ ಶುರು. ತಂತಿ ಕಚೇರಿಯಿಂದ ನಿವೃತ್ತರಾದ ಮಾವ ಪ್ರತಿ ಭಾನುವಾರ ನಸುಕಿನಲ್ಲಿ ತಮ್ಮ ಹ್ಯಾಮ್ ಬಳಗದ ಹಾಜರಿ ಕರೆಯುತ್ತಾರೆ. ಒಬ್ಬೊಬ್ಬರನ್ನೇ ಕರೆದು, ಕ್ಷೇಮ ವಿಚಾರಿಸಿ, ಒಬ್ಬರ ಸುದ್ದಿ ಇನ್ನೊಬ್ಬರಿಗೆ ದಾಟಿಸುವ ಕೆಲಸ. ವರ್ಷಗಳಿಂದ ಆ ಕುರ್ಚಿ ಅವರದೇ. ಅದೇ ಹೊತ್ತಿಗೆ ಕೆಳಗೆ ಬೇಕರಿಗಳ ಹಿಟ್ಟು ನಾದುವ ಯಂತ್ರಗಳ ರಿಪೇರಿ. ಬೇಕರಿಯವರು ಶನಿವಾರ ಕೆಡಿಸಿ ತಂದು ಭಾನುವಾರ ಬೆಳಗ್ಗೆ ಕೊಡಿ ಅನ್ನುತ್ತಾರೆ.

"ಹೊತ್ತು ಬದಲಾಯಿಸಿ ಮಾವ ಅಂದ್ರೆ, ಆ ಹೊತ್ತಿಗೇ ಅಲೆಗಳು ಚೆನ್ನಾಗಿ ಹಾಯೋದು, ಬೇಕಾದ್ರೆ ಸೂರ್ಯನ್ನ ಕೇಳು ಅಂತಾರೆ. ಮೋಟಾರ್ ನಿಲ್ಸಿ ಅಂದ್ರೆ ಇವರು ಬೇಕರಿಯವರನ್ನ ಕೇಳು ಅಂತಾರೆ. ನಾನು ಯಾರನ್ನೂ ಕೇಳ್ಲಿಲ್ಲ. ಸೂಜಿ ತಗೊಂಡೆ" ಎನ್ನುತ್ತಾಳೆ ದಿಂಬಕ್ಕ.

ವಿಷಯ ಕೈಮೀರಿದ್ದು ಹೋದ ಭಾನುವಾರ. ಬೇಕರಿಗಳು ಹೆಚ್ಚಿದ್ದವು, ಯಂತ್ರಗಳು ದೊಡ್ಡದಾಗಿದ್ದವು, ಹಳೆಯ ಡಬ್ಬಿ ಸೋತಿತ್ತು. ಬಳಗದ ಲಾರಿ ಚಾಲಕ ಹಾಜರಿಯಲ್ಲಿ "ನಮ್ಮ ಬಾವಿ ಬತ್ತಿತು" ಎಂದ. ಚರಚರದ ನಡುವೆ ಮಾವನಿಗೆ ಕೇಳಿಸಿದ್ದು "ನಮ್ಮ ಭಾವ ಸತ್ತರು". ದನಿ ತಗ್ಗಿಸಿ, ಸತ್ತವರ ಹೆಸರು ಹೇಳದೆ, ಇಡೀ ಬಳಗದಿಂದ ಒಂದು ನಿಮಿಷ ಮೌನಾಚರಣೆ ಮಾಡಿಸಿದರು. ಲಾರಿ ಚಾಲಕನ ಭಾವನೂ ಅದೇ ಬಳಗದವನು. ಸತ್ತವರು ಯಾರೆಂದು ತಿಳಿಯದೆ ಅವನೂ ಭಕ್ತಿಯಿಂದ ಮೌನವಾಗಿದ್ದ.

ಆಮೇಲೆ ನಕ್ಕವರೇ ಹೆಚ್ಚು. ಬಳಗದ ದಂತವೈದ್ಯೆ ಮಾತ್ರ ನಯವಾಗಿ, "ಸಾರ್, ಇನ್ಮೇಲೆ ಹಾಜರಿ ಬೇರೆಯವರು ಕರೆಯಲಿ, ನೀವು ಹಾಯಾಗಿ ಕೇಳ್ತಾ ಕೂತ್ಕೊಳ್ಳಿ" ಎಂದರು. ಹಲ್ಲು ಕೀಳುವ ಮೊದಲು ಅವರು ಹೀಗೇ ಮಾತಾಡುವುದು ಎಂದು ಮಾವನಿಗೆ ಗೊತ್ತಿತ್ತು. ಅಂದೇ ಊರಿನ ಆ ತುದಿಯಲ್ಲಿ, ಸದ್ದಿಲ್ಲದ ಓಣಿಯಲ್ಲಿ, ಒಂದು ಕೋಣೆ ಗೊತ್ತುಮಾಡಿ ಬಂದರು.

"ಮಗ ಬೇಕೋ ಕಿವಿ ಬೇಕೋ ಅಂದ್ರೆ ನಾನು ಕಿವಿ ಅಂತೀನಮ್ಮ" ಎಂದರು ಸೊಸೆಗೆ.

"ಊರೆಲ್ಲರ ಮಾತು ಕೇಳುತ್ತೆ ಅವರಿಗೆ, ನನ್ನದೊಂದು ಬಿಟ್ಟು. ಹೋಗ್ಲಿ ಬಿಡೇ" ಎಂದ ಗಂಡ. ಅಂದು ಊಟ ಮಾತ್ರ ಸರಿಯಾಗಿ ಮಾಡಲಿಲ್ಲ.

ದಿಂಬಕ್ಕ ಒಂದು ಭಾನುವಾರದ ಗಡುವು ಬೇಡಿದಳು. "ಈ ಸಲದ ಹಾಜರಿ ಇಲ್ಲಿಂದಲೇ ಕರೀರಿ ಮಾವ. ಹೊಸ ದಿಂಬು, ಹೊಸ ಡಬ್ಬಿ ಕೊಡ್ತೀನಿ. ಒಂದು ಮಾತು ತಪ್ಪಿ ಕೇಳಿದ್ರೂ ಹೋಗಿ, ನಾನೇ ಗಂಟು ಕಟ್ಟಿಕೊಡ್ತೀನಿ." ಮಾವ ಒಪ್ಪಿದರು. ಆದರೆ ನಂಬಿಕೆ ಸಾಲದೆ, ಹಾಜರಿ ಮುಗಿಯುವ ಹೊತ್ತಿಗೆ ಬರಲಿ ಎಂದು ಸಾಮಾನಿನ ಗಾಡಿಯವನಿಗೂ ಹೇಳಿಟ್ಟರು.

ಹಾಗಾಗಿಯೇ ಇಂದು ಈ ನಸುಕಿನ ಹೊಲಿಗೆ. ದಿಂಬು ಮುಗಿಯಿತು. ಉಣ್ಣೆಯ ತುಂಡೊಂದು ಉಳಿಯಿತು. ಉಳಿದ ತುಂಡನ್ನು ಎಸೆಯುವುದು ಹಾಸಿಗೆ ಹೊಲಿಯುವವರ ಜಾಯಮಾನವಲ್ಲ. ಅದಕ್ಕೆ ಹತ್ತಿ ತುಂಬಿ, ಚೀಲದಂತೆ ಮಡಚಿ, ಮಾವನ ಮೈಕಿಗೆ ಕುಲಾವಿ ಮಾಡಿ ತೊಡಿಸುತ್ತಾಳೆ. "ಪಾಪ, ಅದೊಂದು ಯಾಕೆ ಬರಿಮೈಲಿರಬೇಕು."

ಟೀ ಹಿಡಿದು ಕೆಳಗಿಳಿದರೆ ಅಂಗಡಿ ತೆಪ್ಪಗಿದೆ. ಗಂಡ ಯಂತ್ರದ ಮುಂದೆ ಕೈಕಟ್ಟಿ ಕೂತಿದ್ದಾನೆ.

"ಯಾಕ್ರೀ, ಮೋಟಾರ್ ಹಾಕಿಲ್ಲ?"

"ಬುಶ್ ಸಿಕ್ಕಿಲ್ಲ" ಎನ್ನುತ್ತಾನೆ. ಮೋಟಾರಿನ ಅಚ್ಚಿಗೆ ಹಾಕುವ ಆ ಬುಶ್ಶಿನ ಪೊಟ್ಟಣ ಅವನ ಮಂಡಿಯ ಪಕ್ಕದಲ್ಲೇ ಇದೆ. ದಿಂಬಕ್ಕ ಅದನ್ನು ನೋಡುತ್ತಾಳೆ, ಅವನು ಅವಳು ನೋಡಿದ್ದನ್ನು ನೋಡುತ್ತಾನೆ. "ಟೀ ಆರುತ್ತೆ ಕುಡೀರಿ" ಎಂದು ಹೇಳಿ ಮೇಲೆ ಬರುತ್ತಾಳೆ.

ಮಾವ ಹೆಡ್‌ಫೋನ್ ತೊಟ್ಟು, ಗಂಟಲು ಸರಿಮಾಡಿಕೊಂಡು ಹಾಜರಿ ಶುರು ಮಾಡುತ್ತಾರೆ. ಉತ್ತರವಿಲ್ಲ. ಮತ್ತೆ ಕರೆಯುತ್ತಾರೆ. ತನಗೂ ಕೇಳಲೆಂದು ದಿಂಬಕ್ಕ ಪಕ್ಕದ ಪುಟ್ಟ ಸ್ಪೀಕರ್ ತಿರುವಿದಾಗ ಲಾರಿ ಚಾಲಕನ ದನಿ ನಿಚ್ಚಳವಾಗಿ ಬರುತ್ತದೆ: "ಯಾರ್ರೀ ಅದು? ಇದು ನಮ್ಮ ಹಾಜರಿ ಹೊತ್ತು, ಜಾಗ ಬಿಡಿ."

"ನಾನಪ್ಪ!"

"ನಾನು ಅಂದ್ರೆ? ನಮ್ಮ ಯಜಮಾನರ ಸ್ಟೇಷನ್ ಹೀಗಿರಲ್ಲ. ಹಿಂದೆ ಗುರ್ರ್ ಅಂತ ಮೋಟಾರ್ ಇರುತ್ತೆ."

ದಂತವೈದ್ಯೆಯೂ ಸೇರಿಕೊಳ್ಳುತ್ತಾರೆ. "ದನಿ ಕಂಬಳಿ ಹೊದ್ದ ಹಾಗಿದೆ. ಯಾರೋ ಅವರ ಗುರುತಿನ ಕಾಲ್‌ಸೈನ್ ಕದ್ದಿದ್ದಾರೆ. ನಾಚಿಕೆ ಆಗಲ್ವೇನ್ರೀ ನಿಮಗೆ? ಅಂಥ ಹಿರಿಯರ ಹೆಸರಲ್ಲಿ!"

ಮಾವನಿಗೆ ಒಂದೊಂದು ಅಕ್ಷರವೂ ಸ್ಪಷ್ಟವಾಗಿ ಕೇಳುತ್ತಿದೆ. ತೊಂದರೆ ಅದೇ. "ಅಂಥ ಹಿರಿಯರು ನಾನೇ ಕಣಮ್ಮಾ!" ಎಂದು ಕೂಗಿದಷ್ಟೂ ಅಲ್ಲಿ ಅನುಮಾನ ಹೆಚ್ಚುತ್ತದೆ. ಕೊನೆಗೆ ಹೆಡ್‌ಫೋನ್ ಕಿತ್ತು ಮೆಟ್ಟಿಲ ಬಳಿಗೆ ಓಡುತ್ತಾರೆ.

"ಲೋ! ಮೋಟಾರ್ ಹಾಕೋ!"

"ಹಾಕಿಲ್ಲಪ್ಪಾ!" ಕೆಳಗಿನಿಂದ ಉತ್ತರ.

"ಹಾಕಿಲ್ಲ ಅಂತ ಗೊತ್ತು ಕಣೋ, ಹಾಕು!"

"ಬೈಬೇಡಿ, ಬುಶ್ ಸಿಕ್ಕಿಲ್ಲ, ಇವತ್ತು ಹಾಕಲ್ಲ!"

"ಹಾಕೋ ಮಾರಾಯ! ದೊಡ್ಡದು ಹಾಕು!"

ಮನೆ ನಡುಗುವಂತೆ ಮೋಟಾರು ಏಳುತ್ತದೆ. ಮಾವ ಹೆಡ್‌ಫೋನ್ ಮತ್ತೆ ತೊಟ್ಟು ಮೈಕಿನ ಮುಂದೆ ಗೆದ್ದವರಂತೆ ಕೂರುತ್ತಾರೆ. "ಈಗ ಕೇಳಿಸ್ತಾ?" "ಏನೂ ಇಲ್ಲ, ಲೈನ್ ಬಿಡಿ" ಎನ್ನುತ್ತಾನೆ ಲಾರಿ ಚಾಲಕ. ಆಗ ದಿಂಬಕ್ಕನಿಗೆ ಹೊಳೆಯುತ್ತದೆ. ಹಾರಿ ಬಂದು, ಸದ್ದನ್ನೆಲ್ಲ ತಡೆಯುತ್ತಿದ್ದ ಮೈಕಿನ ಕುಲಾವಿ ಎಳೆದು ಬಿಸಾಡುತ್ತಾಳೆ.

ಗುರ್ರ್ ಎಂಬ ಸದ್ದು ಅಲೆಗಳ ಮೇಲೆ ಹೊರಟುಹೋಗುತ್ತದೆ. ಆಮೇಲೆ ಎಲ್ಲರೂ ಒಟ್ಟಿಗೇ: "ಓಹೋ, ಇವರೇ! ಯಜಮಾನ್ರೇ, ಎಲ್ಲಿದ್ರಿ ಇಷ್ಟು ಹೊತ್ತು?"

ಹಾಜರಿ ಸಾಗುತ್ತದೆ. ಕೆಳಗೆ ದೊಡ್ಡ ಮೋಟಾರು, ಗೋಡೆಯ ಮೇಲಿನ ಗಡಿಯಾರ ಅಲುಗುವಷ್ಟು ಅಬ್ಬರ. ಸ್ಪೀಕರಿನಲ್ಲಿ ಚರಚರ ಬಿಟ್ಟು ಏನೂ ಇಲ್ಲ. ಆದರೆ ಹೊಸ ಡಬ್ಬಿ, ಹೊಸ ದಿಂಬಿನ ಒಳಗೆ ಮಾವನ ಕಿವಿ ನೆಮ್ಮದಿಯಾಗಿದೆ. ಒಬ್ಬರ ಮಗಳ ಪರೀಕ್ಷೆ, ಇನ್ನೊಬ್ಬರ ಮೊಣಕಾಲು, ಲಾರಿಯ ಹೊಸ ಟೈರು, ಎಲ್ಲವನ್ನೂ ಕೇಳಿ, ತಪ್ಪಿಲ್ಲದೆ ಮರಳಿ ಹೇಳಿ ದಾಟಿಸುತ್ತಾರೆ. "ಬಾವಿಗೆ ನೀರು ಬಂತು" ಎನ್ನುತ್ತಾನೆ ಲಾರಿ ಚಾಲಕ, ಬೇಕೆಂದೇ. "ಸಂತೋಷ. ಭಾವನಿಗೂ ತಿಳಿಸು" ಎನ್ನುತ್ತಾರೆ ಮಾವ. ಮುಂದಿನ ವಾರದ ಹಾಜರಿಯ ಮಾತು ಬಂದಾಗ ದಂತವೈದ್ಯೆ ಒಂದೇ ಮಾತು ಹೇಳುತ್ತಾರೆ: "ನೀವೇ ಕರೀರಿ ಸಾರ್. ಮೋಟಾರ್ ಸಮೇತ."

ಕೆಳಗೆ ಗಾಡಿಯವನು ಬಂದು ನಿಂತಿದ್ದಾನೆ. "ಸಾಮಾನು ಎಲ್ಲಿ ಸ್ವಾಮಿ?"

ಮಾವ ಮೆಟ್ಟಿಲಿಳಿದು ಬಂದು ಮಗನ ಅಂಗಡಿಯೊಳಗೆ ಇಣುಕುತ್ತಾರೆ. ಮಗ ತಲೆ ಎತ್ತುವುದಿಲ್ಲ. "ರಿಪೇರಿ ಆಯ್ತೇನೋ ಅದು?"

"ಆಯ್ತು."

"ಬುಶ್ ಸಿಕ್ತಾ?"

"ಸಿಕ್ತು."

ಮಾವ ಗಾಡಿಯವನ ಕಡೆ ತಿರುಗುತ್ತಾರೆ. "ಇದೇ ನೋಡಪ್ಪ ಸಾಮಾನು. ಬೇಕರಿಗೆ ಇಳಿಸಿ ಬಾ. ಮೆಲ್ಲಗೆ." ಆಮೇಲೆ ಮಗನಿಗೆ, "ಸದ್ದು ಸ್ವಲ್ಪ ಜಾಸ್ತಿನೇ ಆಯ್ತು ಕಣೋ ಇವತ್ತು" ಎನ್ನುತ್ತಾರೆ. "ದೊಡ್ಡದು ಹಾಕು ಅಂದಿದ್ದು ಯಾರು?" ಎನ್ನುತ್ತಾನೆ ಮಗ. ಅಲ್ಲಿಗೆ ಮಾಮೂಲಿ ಜಗಳ ಶುರುವಾಗುತ್ತದೆ.

ನಿನಗೂ ಒಂದು ಜೊತೆ ಕಿವಿದಿಂಬು ಹೊಲಿದುಕೊಳ್ಳಬಾರದೇ ಎಂದು ಯಾರಾದರೂ ಕೇಳಿದರೆ ದಿಂಬಕ್ಕ ಸೂಜಿಗೆ ದಾರ ಪೋಣಿಸುತ್ತಾ ನಗುತ್ತಾಳೆ. "ಹೊಲ್ಕೊಂಡ್ರೆ ಇವರಿಬ್ಬರಲ್ಲಿ ಯಾರು ಮೊದಲು ಶುರು ಮಾಡಿದ್ದು ಅಂತ ನನಗೆ ಹೇಗೆ ಗೊತ್ತಾಗ್ಬೇಕು? ತೀರ್ಪು ಹೇಳೋಳು ನಾನೇ ತಾನೆ. ಒಂದೇ ಆಸೆ. ಒಂದು ದಿನ, ಒಂದೇ ಒಂದು ದಿನ, ಮಧ್ಯಾಹ್ನ ಇಬ್ಬರೂ ಮಲಗಿ ನಿದ್ದೆ ಮಾಡ್ಬೇಕು. ಗೊರಗೊರ ಅಂದ್ರೂ ಪರವಾಗಿಲ್ಲ."

ಊರಿನ ಆ ತುದಿಯ ಕೋಣೆಯನ್ನು ಮಾವ ಬೇಡವೆಂದು ಹೇಳಿ ಕಳಿಸಿದ್ದಾರೆ. ಅಪ್ಪ-ಮಗ ಒಂದೇ ಸೂರಿನಡಿ ಇದ್ದಾರೆ. ಅತ್ತೆಗೆ ಕೊಟ್ಟ ಮಾತು ಉಳಿದಿದೆ.