ಹನ್ನೊಂದನೇ ಕಿಲೋಮೀಟರಿನ ಹಿಂಗಾಳಿ

ಕಮರಿಯ ರಾಷ್ಟ್ರೀಯ ಉದ್ಯಾನಕ್ಕೆ ಸೈಕಲ್ ತುಳಿಯಲು ಬರುವವರ ಕೈಗೆ ಗೇಟಿನಲ್ಲೇ ಒಂದು ಹಾಳೆ ಕೊಡುತ್ತಾರೆ. ಅದರಲ್ಲಿ ಆರು ದಾರಿಗಳಿವೆ. ಎಲ್ಲಿ ಏರು, ಎಲ್ಲಿ ಇಳಿಜಾರು, ಎಲ್ಲಿ ಕುಡಿಯುವ ನೀರಿನ ನಲ್ಲಿ, ಎಲ್ಲಿ ಬಗ್ಗಿ ನೋಡಿದರೆ ತಲೆ ತಿರುಗುತ್ತದೆ, ಎಲ್ಲವೂ ಉಂಟು. ಕೊನೆಯಲ್ಲಿ ಅಳೆದವರ ಸಹಿ. ಆ ಸಹಿ ಹಾಕಿದವರಿಗೆ ಹೆತ್ತವರು ಇಟ್ಟ ಹೆಸರೊಂದು ಇದ್ದೇ ಇದೆ. ಆದರೆ ಕಚೇರಿಯ ಕಡತದ ಹೊರಗೆ ಅದನ್ನು ಯಾರೂ ಬಳಸಿದ್ದಿಲ್ಲ. ಎಲ್ಲರ ಬಾಯಲ್ಲೂ ಅವರು ದಾರಿ ಮೇಷ್ಟ್ರು.

ಮೇಷ್ಟ್ರು ಯಾವ ಶಾಲೆಯಲ್ಲೂ ಪಾಠ ಮಾಡಿದವರಲ್ಲ. ಆದರೆ ಎದುರಿಗೆ ಸಿಕ್ಕ ಒಬ್ಬರನ್ನೂ ಪಾಠ ಹೇಳದೆ ಬಿಟ್ಟವರಲ್ಲ. ಏರಿನಲ್ಲಿ ಉಸಿರು ಹೇಗೆ ಬಿಡಬೇಕು, ಮಂಡಿ ಎಷ್ಟು ಮಡಿಸಬೇಕು ಎಂದು ಅವರು ಶುರು ಹಚ್ಚಿದರೆ, ಕೇಳುವವನಿಗೆ ಸೈಕಲ್ ಹತ್ತುವ ಮೊದಲೇ ಸುಸ್ತಾಗುತ್ತಿತ್ತು. ಅವರ ಹೊಟ್ಟೆಯೊಂದು ಮಾತ್ರ ಅವರ ಮಾತಿಗೆ ಸಾಕ್ಷಿ ಹೇಳುತ್ತಿರಲಿಲ್ಲ. ಇಪ್ಪತ್ತೈದು ವರ್ಷಗಳಿಂದ ಅವರು ದಾರಿಗಳ ತಪಾಸಣೆಗೆ ಹೋಗುತ್ತಿದ್ದುದು ಕಚೇರಿಯ ಜೀಪಿನಲ್ಲಿ. ಜೀಪಿನಲ್ಲಿ ಕುಳಿತವರಿಗೆ ಯಾವ ಏರು ತಾನೇ ಏರು? ಗೇರು ಬದಲಿಸುವ ಕಷ್ಟವೂ ಡ್ರೈವರನದು.

ಹಾಗೆಂದು ಅವರನ್ನು ತೀರಾ ಹಗುರಾಗಿ ಕಾಣುವಂತಿಲ್ಲ. ಪ್ರಾಯದಲ್ಲಿ ಆರೂ ದಾರಿಗಳನ್ನು ತುಳಿದೇ ಅಳೆದವರು. ಸೈಕಲ್ಲಿನ ಮುಂದಿನ ಚಕ್ರದ ಪಕ್ಕ ಒಂದು ತಗಡಿನ ಚೂರು, ಚಕ್ರದ ಒಂದು ಕಡ್ಡಿಗೆ ಒಂದು ಮೊಳೆ. ಚಕ್ರ ಒಂದು ಸುತ್ತು ಬಂದರೆ ಒಂದು ಟಿಕ್. ನಾನೂರ ಎಪ್ಪತ್ತಾರು ಟಿಕ್ ಆದರೆ ಒಂದು ಕಿಲೋಮೀಟರು. ಆಗ ಎಡಜೇಬಿನಿಂದ ಬಲಜೇಬಿಗೆ ಒಂದು ಕಲ್ಲು. ಎಣಿಸುವಾಗ ಮಾತಿಲ್ಲ, ಕತೆಯಿಲ್ಲ, ಅತ್ತಿತ್ತ ನೋಡುವುದಿಲ್ಲ. ಯಾರಾದರೂ ಬಾಯಿ ತೆರೆದರೆ ಕೈ ಎತ್ತಿ ತಡೆಯುವುದು. ಲೆಕ್ಕ ತಪ್ಪಿತೋ, ಮತ್ತೆ ಗೇಟಿನಿಂದಲೇ ಶುರು.

ಮೂರನೇ ದಾರಿ ಅವರ ಕಣ್ಮಣಿ. ಕಮರಿಯ ಅಂಚಿನಲ್ಲೇ ಹದಿನೆಂಟು ಕಿಲೋಮೀಟರು. ಅದನ್ನು ಅಳೆದದ್ದು ಮದುವೆಯಾದ ಮೂರನೇ ವಾರ, ಹೊಸ ಹೆಂಡತಿಯನ್ನು ಕ್ಯಾರಿಯರ್ ಮೇಲೆ ಕೂರಿಸಿಕೊಂಡು. "ಒಂದೇ ಒಂದು ಸಲ ಕಾಲು ನೆಲಕ್ಕೆ ಇಟ್ಟಿಲ್ಲ" ಎಂದು ಮೂವತ್ತು ವರ್ಷಗಳಿಂದ ಕೊಚ್ಚಿಕೊಳ್ಳುತ್ತಾ ಬಂದಿದ್ದರು. ಹಾಳೆಯಲ್ಲಿ ಆ ದಾರಿಗೆ ಹೀಗಿದೆ: "ಸುಲಭ. ಹನ್ನೊಂದನೇ ಕಿಲೋಮೀಟರಿನಿಂದ ಹದಿನಾಲ್ಕರವರೆಗೆ ಏರು, ಆದರೆ ಹಿಂಗಾಳಿಯ ಸಹಾಯ ಇರುತ್ತದೆ."

ಆ ಹಿಂಗಾಳಿಯನ್ನು ನಂಬಿ ಹೋದವರು ಹಿಂಡಿದ ಬಟ್ಟೆಯಂತಾಗಿ ಮರಳುತ್ತಿದ್ದರು. ಅವರ ಬೈಗುಳ ಬೀಳುತ್ತಿದ್ದುದು ಗೇಟಿನ ಪಕ್ಕದ ಸೈಕಲ್ ಶೆಡ್ಡಿಗೆ. ಅಲ್ಲಿ ಚೈನಿಗೆ ಎಣ್ಣೆ ಹಾಕುತ್ತಾ, ಬ್ರೇಕ್ ರಬ್ಬರ್ ಬದಲಿಸುತ್ತಾ ಕೂತಿರುತ್ತಿದ್ದವಳು ಮೇಷ್ಟ್ರ ಹೆಂಡತಿಯೇ. "ಎಲ್ಲಿದೆಯಮ್ಮಾ ಆ ಗಾಳಿ?" ಎಂದು ಯಾರಾದರೂ ಜೋರು ಮಾಡಿದರೆ, ಅವಳು ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಗುತ್ತಿದ್ದಳು. ಬೈಸಿಕೊಂಡು ನಗುವವಳನ್ನು ಕಂಡರೆ ಮೇಷ್ಟ್ರಿಗೆ ಸೋಜಿಗ. ಕೇಳಿದರೆ, "ನಿಮಗೆ ಗೊತ್ತಿಲ್ಲದ್ದಾ?" ಎನ್ನುತ್ತಿದ್ದಳು. ಗೊತ್ತಿಲ್ಲ ಎಂದು ಒಪ್ಪಿಕೊಳ್ಳುವ ಅಭ್ಯಾಸ ಮೇಷ್ಟ್ರಿಗೆ ಇರಲಿಲ್ಲ.

ಮೇಷ್ಟ್ರ ನಿವೃತ್ತಿಗೆ ಒಂದು ತಿಂಗಳಿದೆ ಎನ್ನುವಾಗ ಹೊಸ ಅಧಿಕಾರಿಣಿ ಬಂದರು. ಬಂದವರೇ ಮೂರನೇ ದಾರಿಯಲ್ಲಿ ಗಾಳಿ ಅಳೆಯುವ ಯಂತ್ರ ನೆಟ್ಟರು. ಒಂದು ವಾರದ ನಂತರ ಮೇಷ್ಟ್ರನ್ನು ಕರೆಸಿದರು.

"ಮೇಷ್ಟ್ರೇ, ಅಲ್ಲಿ ಬೀಸೋದು ಎದುರುಗಾಳಿ. ಹಿಂಗಾಳಿ ಅನ್ನೋದು ಲವಲೇಶವೂ ಇಲ್ಲ."

"ನಿಮ್ಮ ಯಂತ್ರ ಒಂದು ವಾರದ್ದು ಮೇಡಂ. ನಾನು ಮೂವತ್ತು ವರ್ಷದವನು."

"ಹಾಳೆ ಸೋಮವಾರ ಅಚ್ಚಿಗೆ ಹೋಗುತ್ತೆ. ಅಷ್ಟರಲ್ಲಿ ನೀವೇ ತುಳಿದು ನೋಡ್ಕೊಂಡು ಬನ್ನಿ. ಗಾಳಿ ಸಿಕ್ಕಿದ್ರೆ ಸರಿ. ಇಲ್ದಿದ್ರೆ ಎಲ್ಲಾ ದಾರೀನೂ ಹೊಸದಾಗಿ ಅಳೆಸ್ತೀನಿ. ಆಮೇಲೆ ನಿಮ್ಮ ಸಹಿ ಇರಲ್ಲ."

ಮೇಷ್ಟ್ರು ಮನಸ್ಸಿನಲ್ಲೇ ಲೆಕ್ಕ ಹಾಕಿದರು. ಮನೆ ಕಟ್ಟಿಸಲಿಲ್ಲ, ಬಡ್ತಿ ಸಿಗಲಿಲ್ಲ. ಅವರದೆಂದು ಲೋಕದಲ್ಲಿ ಉಳಿಯುವುದು ಆ ಸಹಿ ಒಂದೇ. ಅದೂ ಹೋದರೆ ಜೀಪಿನಲ್ಲಿ ತಿರುಗಿದ್ದಷ್ಟೇ ಬಂತು. ಶನಿವಾರ ಬೆಳಗ್ಗೆ ಅವರು ಹಳೆಯ ತಗಡಿನ ಚೂರು ಹುಡುಕಿ ಸೈಕಲ್ಲಿಗೆ ಕಟ್ಟಿದರು. ಹೆಂಡತಿ ಪಂಪು, ಪಂಕ್ಚರ್ ಸಾಮಾನು ಚೀಲಕ್ಕೆ ಹಾಕಿಕೊಂಡು ಇನ್ನೊಂದು ಸೈಕಲ್ ತೆಗೆದಳು. "ನೀನ್ಯಾಕೆ?" ಎಂದದ್ದಕ್ಕೆ, "ನಿಮ್ಮನ್ನ ಎತ್ಕೊಂಡು ಬರೋಕೆ ಯಾರಾದ್ರೂ ಬೇಡ್ವಾ?" ಎಂದಳು.

ಮೊದಲ ಐದು ಕಿಲೋಮೀಟರು ಮೇಷ್ಟ್ರು ಹೆಂಡತಿಗೆ ಉಸಿರು ಬಿಡುವುದು ಹೇಗೆಂದು ಹೇಳಿಕೊಡಲಿಲ್ಲ, ಎಣಿಕೆ ನಡೆದಿತ್ತಲ್ಲ. ಆಮೇಲಿನ ಐದರಲ್ಲಿ ಅವರಿಗೇ ಉಸಿರು ಉಳಿದಿರಲಿಲ್ಲ. ಬಲಗಡೆ ಕೆಂಪು ಬಂಡೆಗಳ ಕೆಳಗೆ, ಸಾವಿರ ಅಡಿ ಆಳದಲ್ಲಿ ನದಿ ಒಂದು ದಾರದ ಎಳೆಯಷ್ಟೇ ಕಾಣುತ್ತಿತ್ತು. ಮೇಷ್ಟ್ರಿಗೆ ಕಾಣುತ್ತಿದ್ದುದು ಚಕ್ರ ಮಾತ್ರ. ಹನ್ನೊಂದನೇ ಕಲ್ಲು ಜೇಬು ಬದಲಿಸಿದ್ದೇ ತಡ, ಏರು ಶುರುವಾಯಿತು. ಐವತ್ತು ಮಾರು ಹೋಗುವಷ್ಟರಲ್ಲಿ ಎದುರಿನಿಂದ ಬೀಸಿದ ಗಾಳಿ ಅವರ ಟೋಪಿಯನ್ನು ಹಾರಿಸಿ ಕಮರಿಗೆ ಒಯ್ದಿತು. ಮೇಷ್ಟ್ರ ಕಾಲು ನೆಲಕ್ಕೆ ಬಂತು.

"ಇವತ್ತು ಗಾಳಿಗೆ ಏನೋ ಆಗಿದೆ" ಎಂದು ಏದುಸಿರು ಬಿಟ್ಟರು. "ಸ್ವಲ್ಪ ಕಾಯೋಣ. ಬರುತ್ತೆ."

ಹೆಂಡತಿ ಬಿದ್ದು ಬಿದ್ದು ನಕ್ಕಳು. "ಸಾಕು ರೀ ನಾಟಕ. ಇಲ್ಲಿ ಮೇಡಂ ಇಲ್ಲ."

"ಯಾವ ನಾಟಕ? ಅವತ್ತು ಇದೇ ಜಾಗದಿಂದ ಹಿಂದಿನಿಂದ ಯಾರೋ ನೂಕಿದ ಹಾಗೆ ಗಾಳಿ..."

"ಯಾರೋ?"

ಅವಳ ನಗು ನಿಂತಿತು. ಅವರ ಮುಖವನ್ನೇ ನೋಡಿದಳು.

"ರೀ, ನೂಕಿದ್ದು ನಾನು. ನೀವು ಒದ್ದಾಡ್ತಿದ್ರಿ. ಇಳೀತೀನಿ ಅಂದೆ, ಕೈ ಎತ್ತಿದ್ರಿ. ಲೆಕ್ಕ ತಪ್ಪುತ್ತೆ ಅಂತ ಸುಮ್ನೆ ಇಳಿದೆ. ಕ್ಯಾರಿಯರ್ ಹಿಡ್ಕೊಂಡು ಮೂರು ಕಿಲೋಮೀಟರು ತಳ್ಳಿದೆ. ಮೇಲೆ ಸಮ ಬಂದ ಮೇಲೆ ಹಾರಿ ಕೂತೆ. ನಿಮಗೆ ಗೊತ್ತೇ ಇರ್ಲಿಲ್ವಾ?"

ಮೇಷ್ಟ್ರು ತಮ್ಮ ಸೈಕಲ್ಲಿನ ಕ್ಯಾರಿಯರನ್ನು ನೋಡಿದರು.

"ಹಾಳೇಲಿ ಹಿಂಗಾಳಿ ಅಂತ ಓದಿದಾಗ, ಇವರು ನನ್ನ ಬಗ್ಗೆ ಬರೆದಿದ್ದಾರೆ ಅಂದ್ಕೊಂಡೆ. ಸರ್ಕಾರಿ ಕಾಗದದಲ್ಲಿ ಹೆಂಡ್ತಿ ಅಂತ ಬರೆಯೋಕೆ ಆಗಲ್ಲ, ಅದಕ್ಕೆ ಗುಟ್ಟಾಗಿ ಹೀಗೆ ಬರೆದಿದ್ದಾರೆ ಅಂತ." ಅವಳು ಸೈಕಲ್ಲಿನ ಹ್ಯಾಂಡಲ್ ಒರೆಸಿದಳು, ಒರೆಸುವಂಥದ್ದೇನೂ ಅಲ್ಲಿರಲಿಲ್ಲ. "ಮೂವತ್ತು ವರ್ಷ ಅದೇ ಖುಷೀಲಿ ಜನರ ಹತ್ರ ಬೈಸ್ಕೊಂಡೆ. ನೋಡಿದ್ರೆ ನೀವು ನಿಜವಾಗ್ಲೂ ಗಾಳಿ ಅಂತ್ಲೇ ಬರೆದಿದ್ದು."

ಹೌದು ಕಣೇ, ನಿನ್ನ ಬಗ್ಗೆಯೇ ಬರೆದದ್ದು ಎಂದು ಈಗ ಹೇಳಿದ್ದರೆ ಎಷ್ಟು ಚೆನ್ನಾಗಿತ್ತು! ಆದರೆ ಗಾಳಿಗಾಗಿ ಕಾಯೋಣ ಎಂದು ಬಾಯಿಬಿಟ್ಟು ಎರಡು ನಿಮಿಷವೂ ಆಗಿರಲಿಲ್ಲ. ಮೇಷ್ಟ್ರಿಗೆ ನಾಚಿಕೆಯಾಯಿತು, ತಮ್ಮ ಮೇಲೆಯೇ ಕೋಪ ಬಂತು. ಅವರು ತಮ್ಮ ಸೈಕಲ್ಲನ್ನು ಬಂಡೆಗೆ ಒರಗಿಸಿ, "ಹತ್ತು" ಎಂದರು.

"ಏನು?"

"ನಿನ್ನ ಸೈಕಲ್ ಹತ್ತು. ನಾನು ತಳ್ತೀನಿ."

"ಈ ಮಂಡಿ ಇಟ್ಕೊಂಡಾ?"

ಮೂರು ಕಿಲೋಮೀಟರು ತಳ್ಳಿದರು ಎಂದು ಬರೆಯಲು ಆಸೆ. ಸುಮಾರು ಮುನ್ನೂರು ಮಾರು ತಳ್ಳಿರಬಹುದು. ಅಷ್ಟರಲ್ಲಿ ನಾಲ್ಕು ಸಲ ಕೂತರು, ಒಂದು ಸಲ ಮಲಗಿದರು. ಹೆಂಡತಿ ಪ್ರತಿ ಐದು ಹೆಜ್ಜೆಗೊಮ್ಮೆ ಹಿಂದೆ ತಿರುಗಿ, ಇದ್ದಾರೋ ಹೋದರೋ ಎಂದು ನೋಡುತ್ತಿದ್ದಳು. ಕೊನೆಗೆ ಜೀಪಿಗೆ ಫೋನು ಮಾಡಿದವಳೂ ಅವಳೇ.

ಸೋಮವಾರ ಮೇಷ್ಟ್ರು ಅಧಿಕಾರಿಣಿಯ ಮೇಜಿನ ಮೇಲೆ ತಿದ್ದಿದ ಹಾಳೆ ಇಟ್ಟರು. ಮೂರನೇ ದಾರಿಯ ಎದುರು 'ಸುಲಭ'ವನ್ನು ಹೊಡೆದುಹಾಕಿ 'ಕಷ್ಟ' ಎಂದು ಬರೆದಿತ್ತು. ಅದರ ಕೆಳಗೆ: "ಹನ್ನೊಂದನೇ ಕಿಲೋಮೀಟರಿನಿಂದ ಕಡಿದಾದ ಏರು. ಹಿಂಗಾಳಿ ಇಲ್ಲ. ಜೊತೆಗೆ ಯಾರಾದರೂ ಇದ್ದರೆ ಒಮ್ಮೆ ತಿರುಗಿ ನೋಡಿ."

"ಈ ಕೊನೇ ಸಾಲು ಯಾಕೆ ಮೇಷ್ಟ್ರೇ?"

"ಬೇಕಾದ್ರೆ ಸಹಿ ತೆಗೀರಿ ಮೇಡಂ. ಆ ಸಾಲು ಇರ್ಲಿ."

ಅಧಿಕಾರಿಣಿ ಹಾಳೆಯನ್ನು ಹಿಂದಕ್ಕೆ ತಳ್ಳಿದರು. "ಎರಡೂ ಇರ್ಲಿ. ಅಚ್ಚಿಗೆ ನೀವೇ ಕೊಟ್ಟುಬಿಡಿ."

ಮೇಷ್ಟ್ರು ನೇರವಾಗಿ ಶೆಡ್ಡಿಗೆ ಹೋದರು. ಹೆಂಡತಿ ಗ್ರೀಸು ಮೆತ್ತಿದ ಬೆರಳು ತಾಗದಂತೆ ಹಾಳೆಯನ್ನು ಅಂಚಿನಲ್ಲಿ ಹಿಡಿದು ಓದಿದಳು. ಇನ್ನೊಮ್ಮೆ ಓದಿದಳು. ಈ ಸಲ ನಗಲಿಲ್ಲ.

"ಒಮ್ಮೆ ಅಂತ ಯಾಕೆ ಬರೆದ್ರಿ? ಆಗಾಗ ಅಂತ ಹಾಕಿ."

ಮೇಷ್ಟ್ರು ಕಿವಿಗೆ ಸಿಕ್ಕಿಸಿದ್ದ ಪೆನ್ಸಿಲ್ ತೆಗೆದು, ಅಲ್ಲೇ ಸೈಕಲ್ ಸೀಟಿನ ಮೇಲೆ ಹಾಳೆ ಇಟ್ಟು ತಿದ್ದಿದರು.